ಪದಕದಿಂದ ಶುರುಮಾಡಬೇಡಿ

ಮಾನ್ಯರೇ,

ಡಿಎನ್‌ಎ ದುರಸ್ತಿಯ ಸಂಶೋಧಕ ಅಜೀಜ್ ಸಾಂಜಾರ್ ಅವರ ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಬರುವುದಿಲ್ಲ. ಹಾಗೆಂದು ಕೈಬಿಡಬೇಡಿ. ಸಾಮಗ್ರಿ ನಿಮ್ಮಲ್ಲಿದೆ, ಅದರ ಮೇಲೆ ಹೊಗಳಿಕೆಯನ್ನು ಹೇರಿದ್ದೀರಿ, ಅಷ್ಟೇ.

ಮೊದಲ ಪುಟವೆಲ್ಲ 2015ರ ನೊಬೆಲ್ ಸಮಾರಂಭಕ್ಕೇ ಖರ್ಚಾಗಿದೆ. ‘ಮಹಾನ್ ಚೇತನ’, ‘ಅಪ್ರತಿಮ ಸಾಧಕ’ ಎಂಬ ಮಾತುಗಳು ಯಾವ ವಿಜ್ಞಾನಿಯ ಹೆಸರಿನ ಮುಂದಾದರೂ ಕೂರುತ್ತವೆ. ಆ ರಸಾಯನ ವಿಜ್ಞಾನ ಪ್ರಶಸ್ತಿಯನ್ನು ತೋಮಾಸ್ ಲಿಂಡಾಲ್, ಪಾಲ್ ಮಾಡ್ರಿಚ್ ಕೂಡ ಹಂಚಿಕೊಂಡಿದ್ದರು. ಅವರ ಸುಳಿವೇ ಇಲ್ಲವಲ್ಲ!

ಟರ್ಕಿಯ ಸಾವೂರ್‌ನಲ್ಲಿ, ಓದುಬರಹ ತಿಳಿಯದ ತಂದೆತಾಯಿಯ ಮಗನಾಗಿ ಹುಟ್ಟಿ ವೈದ್ಯನಾದವರು, ಅಮೆರಿಕದಲ್ಲಿ 1977ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೂ ಸಂಶೋಧಕ ಹುದ್ದೆಗೆ ಹಾಕಿದ ಅರ್ಜಿಗಳು ಫಲಿಸದೆ, ಅಲ್ಲಿನ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯ ತಂತ್ರಜ್ಞನ ಕೆಲಸಕ್ಕೆ ಸೇರಿದರು. ಇದಕ್ಕೆ ನೀವು ಕೊಟ್ಟಿರುವುದು ಅರ್ಧ ವಾಕ್ಯ.

ಅಲ್ಲಿ ನಡೆದ ಕೆಲಸಕ್ಕೆ ಅಷ್ಟೂ ಇಲ್ಲ. ಅತಿನೇರಳೆ ಕಿರಣ ತಾಗಿದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಾಂಜಾರ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥ ಡೀನ್ ರಪ್ ಇ. ಕೋಲಿ ಬ್ಯಾಕ್ಟೀರಿಯಾದ ಮೂರು ಪ್ರೋಟೀನ್‌ಗಳನ್ನು (ಯುವಿಆರ್‌ಎ, ಯುವಿಆರ್‌ಬಿ, ಯುವಿಆರ್‌ಸಿ) ಶುದ್ಧೀಕರಿಸಿ, ಹಾನಿಗೊಂಡ ಡಿಎನ್‌ಎ ಜೊತೆ ಬೆರೆಸಿ ನೋಡಿದರು. ಡಿಎನ್‌ಎಯ ಎಳೆ ಒಂದೇ ಕಡೆ ತುಂಡಾಗಿರಲಿಲ್ಲ, ಹಾನಿಯ ಎರಡೂ ಬದಿಯಲ್ಲಿ ತುಂಡಾಗಿತ್ತು. ನಡುವಿನ 12-13 ನ್ಯೂಕ್ಲಿಯೋಟೈಡ್‌ಗಳ (ಎಳೆಯ ಕೊಂಡಿಗಳ) ಚೂರು ಬಿಡಿಯಾಗಿ ಬಂದಿತ್ತು. ಆ ಖಾಲಿ ಜಾಗವನ್ನು ಪಾಲಿಮರೇಸ್ ಎಂಬ ಕಿಣ್ವ ತುಂಬುತ್ತದೆ, ಲೈಗೇಸ್ ಎಂಬ ಇನ್ನೊಂದು ಕಿಣ್ವ ಬೆಸೆಯುತ್ತದೆ. 1983ರಲ್ಲಿ ಪ್ರಕಟವಾದ ಈ ಕೆಲಸದ ಬಗ್ಗೆ ನೀವು ಬರೆದಿರುವುದು ‘ದುರಸ್ತಿಯ ರಹಸ್ಯವನ್ನು ಭೇದಿಸಿದರು’ ಎಂದು. ಯಾವ ರಹಸ್ಯ? ಭೇದಿಸಿದ್ದು ಹೇಗೆ?

ಒಂದು ತಪ್ಪಂತೂ ಉಳಿಯಕೂಡದು. ಬೆಳಕಿನ ಬಲದಿಂದ ಆ ಅಂಟನ್ನು ಬಿಡಿಸುವ ಫೋಟೋಲಯೇಸ್ ಕಿಣ್ವ ನಮ್ಮ ಚರ್ಮದಲ್ಲೂ ಇದೆ ಎಂದಿದ್ದೀರಿ. ಮನುಷ್ಯರಲ್ಲಿ ಅದಿಲ್ಲ. ಬಿಸಿಲಿನ ಈ ಹಾನಿಗೆ ನಮಗಿರುವುದು ಕತ್ತರಿಸಿ ತೆಗೆಯುವ ದಾರಿ. ಅದು ಹುಟ್ಟಿನಿಂದಲೇ ಕೆಟ್ಟಿರುವವರಿಗೆ ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆ. ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಓದುಗರಿಗೆ ಈ ವಿಷಯ ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇಕೇ? ನಿಮ್ಮ ಲೇಖನದಲ್ಲಿ ಅದರ ಹೆಸರೂ ಇಲ್ಲ.

ಯೇಲ್‌ನಿಂದ ಶುರುಮಾಡಿ. ಬಾಲ್ಯಕ್ಕೆ ಒಂದು ಪ್ಯಾರಾ, ಪದಕಕ್ಕೆ ಒಂದು ಸಾಲು ಸಾಕು. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಸಂಪಾದಕ