ಮೊಡವೆ ಬರದಂತೆ ದಿನಾ ಮುಖವನ್ನು ಹೇಗೆ ನೋಡಿಕೊಳ್ಳಬೇಕು?

ಮುಖ ಕೊಳೆಯಾಗಿದ್ದಕ್ಕೇ ಮೊಡವೆ ಬರುತ್ತದೆ ಅನ್ನುವುದು ತಪ್ಪು. ಚರ್ಮದ ಎಣ್ಣೆ ಮತ್ತು ಸತ್ತ ಕೋಶಗಳು ಸೇರಿ ಕೂದಲ ಬುಡದ ರಂಧ್ರವನ್ನು ಕಟ್ಟಿಬಿಡುತ್ತವೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಊದಿಕೊಳ್ಳುತ್ತದೆ. ಹದಿಹರೆಯದಲ್ಲಿ ಹಾರ್ಮೋನಿನಿಂದ ಎಣ್ಣೆ ಜಾಸ್ತಿ, ಅಷ್ಟೇ. ಹಾಗಾಗಿ ಸುಮ್ನೆ ಉಜ್ಜಿ ಉಜ್ಜಿ ತೊಳೆದರೆ ಚರ್ಮ ಕೆರಳುತ್ತದೆಯೇ ಹೊರತು ಮೊಡವೆ ನಿಲ್ಲುವುದಿಲ್ಲ. ದಿನಕ್ಕೆ 2 ಸಲ, ಮತ್ತೆ ಚೆನ್ನಾಗಿ ಬೆವರಿದಾಗ, ಸೌಮ್ಯವಾದ ಫೇಸ್‌ವಾಶ್ ಹಾಕಿ ಬೆರಳಿನಿಂದಲೇ ತೊಳೆಯಿರಿ. ಸ್ಕ್ರಬ್ ಬೇಡವೇ ಬೇಡ.

ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ ಅನ್ನಿಸಬಹುದು, ಅಲ್ವಾ? ಬೇಕು, ಅದರಲ್ಲೂ ಮೊಡವೆ ಔಷಧಿ ಹಚ್ಚುವವರಿಗೆ, ಏಕೆಂದರೆ ಆ ಔಷಧಿಗಳು ಚರ್ಮವನ್ನು ಒಣಗಿಸುತ್ತವೆ. ಡಬ್ಬಿಯ ಮೇಲೆ ‘ನಾನ್‌ಕಾಮೆಡೋಜೆನಿಕ್’ ಎಂದಿದೆಯೇ ನೋಡಿ. ರಂಧ್ರ ಮುಚ್ಚದಂತೆ ಮಾಡಿದ್ದು ಎಂದರ್ಥ. ಸನ್‌ಸ್ಕ್ರೀನಿಗೂ ಇದೇ ಮಾತು. ಮೇಕಪ್ ತೆಗೆಯದೆ ಮಲಗಬೇಡಿ. ಕೂದಲಿಗೆ ಹಚ್ಚಿದ ಎಣ್ಣೆ, ಜೆಲ್ ಹಣೆಗೆ ಇಳಿಯದಿರಲಿ.

ಬಿಡುವುದು ಕಷ್ಟವಾದ ಅಭ್ಯಾಸವೆಂದರೆ ಹಿಸುಕುವುದು. ಮೊಡವೆ ತಾನೇ ಹೋಗುತ್ತಿತ್ತು, ಹಿಸುಕಿದರೆ ಕಲೆ ಉಳಿಯುತ್ತದೆ.

ಇಷ್ಟಾದರೂ ಬರುತ್ತಿದ್ದರೆ 2.5% ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಮೊಡವೆ ಔಷಧಿಯನ್ನು ತೆಳುವಾಗಿ ಹಚ್ಚಿ ನೋಡಬಹುದು. ಬಟ್ಟೆ, ಟವೆಲ್ಲಿನ ಬಣ್ಣ ಹೋಗುತ್ತದೆ, ಜೋಪಾನ! ಫಲ ಕಾಣಲು 6–8 ವಾರ ಬೇಕು. ಆಳದಲ್ಲಿ ಗಂಟು ಕಟ್ಟಿ ನೋಯುವ ಮೊಡವೆಯಾದರೆ ಕಾಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.