ಯುದ್ಧನೌಕೆಯ ರೇಡಿಯೋದಿಂದ ಗುಟ್ಟು ಸೋರುವುದಿಲ್ಲವೇ?

ನೌಕಾದಿನದ ಆಸುಪಾಸಿನಲ್ಲಿ ಮುಂಬೈಯಲ್ಲಿ ಹಡಗು ನೋಡಿ ಬಂದ ಡೊಂಬಿವಲಿಯ ಕನ್ನಡಿಗರೊಬ್ಬರ ಪ್ರಶ್ನೆ ಇದು. ಅಷ್ಟೊಂದು ಆಂಟೆನಾ ಏಕೆ ಎಂದೂ ಕೇಳಿದ್ದಾರೆ.

ಆಂಟೆನಾಗಳ ಲೆಕ್ಕ ಸರಳ: ಒಂದೊಂದು ಬಗೆಯ ಅಲೆಗೆ ಒಂದೊಂದು ಬಗೆಯ ಆಂಟೆನಾ. 3ರಿಂದ 30 ಮೆಗಾಹರ್ಟ್ಸ್‌ನ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಅಲೆ ವಾತಾವರಣದ ಮೇಲ್ಪದರವಾದ ಅಯಾನುಗೋಳದಿಂದ ಮರಳಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಅದಕ್ಕಿಂತ ಹೆಚ್ಚಿನ ಕಂಪನಾಂಕದ ವಿಎಚ್‌ಎಫ್, ಯುಎಚ್‌ಎಫ್ ಅಲೆಗಳು ಬಹುಮಟ್ಟಿಗೆ ದಿಗಂತದವರೆಗೆ ಮಾತ್ರ. ಅದರಾಚೆಗೆ ನೌಕಾಪಡೆಯ ಸಂಪರ್ಕಕ್ಕೆಂದು 2013ರಲ್ಲಿ ಹಾರಿಸಿದ ಜಿಸ್ಯಾಟ್-7 ಉಪಗ್ರಹವಿದೆ.

ಸ್ವಾರಸ್ಯವಿರುವುದು ಹಡಗಿನೊಳಗೆ. ಅಧಿಕಾರಿ ಕೈಗೆತ್ತಿಕೊಳ್ಳುವ ಹ್ಯಾಂಡ್‌ಸೆಟ್ ನೇರವಾಗಿ ರೇಡಿಯೋಗೆ ಜೋಡಿಯಾಗಿರುವುದಿಲ್ಲ. ಗುಟ್ಟಿನ ಮಾತಾದರೆ, ನಡುವಿನ ಸ್ವಿಚ್ ವ್ಯವಸ್ಥೆ ಅದನ್ನು ಗೂಢಲಿಪಿ ಯಂತ್ರದಲ್ಲಿ ಹಾಯಿಸಿಯೇ ಪ್ರಸಾರಕಕ್ಕೆ ಒಪ್ಪಿಸುತ್ತದೆ. ಯಂತ್ರಕ್ಕೆ ಮುಂಚಿನ ತಂತಿ ‘ಕೆಂಪು’, ನಂತರದ್ದು ‘ಕಪ್ಪು’. ಎರಡನ್ನೂ ದೂರವಿಟ್ಟು, ಲೋಹದ ಕವಚ ಹೊದಿಸಿ ಎಳೆಯುತ್ತಾರೆ. ಅಕ್ಕಪಕ್ಕ ಹಾದರೆ ಕೆಂಪು ತಂತಿಯ ಮಾತು ಕಪ್ಪಿನಲ್ಲಿ ಸಣ್ಣಗೆ ಪ್ರೇರಿತವಾಗಿ ಆಂಟೆನಾದಿಂದ ಹೊರಬಿದ್ದೀತು! ನನ್ನ ಮಟ್ಟಿಗೆ, ಯಂತ್ರಕ್ಕಿಂತ ಈ ತಂತಿಯ ಶಿಸ್ತೇ ದೊಡ್ಡದು.

ಆದರೂ ಅಲೆ ಬಂದ ದಿಕ್ಕು ಹಿಡಿದು ನಮ್ಮ ಹಡಗು ಎಲ್ಲಿದೆಯೆಂದು ಶತ್ರು ಪತ್ತೆಹಚ್ಚಬಹುದು. ಅದಕ್ಕೇ ಕೆಲವೊಮ್ಮೆ ಪ್ರಸಾರವನ್ನೇ ನಿಲ್ಲಿಸಿ ದೀಪ, ಬಾವುಟಗಳಿಂದ ಸಂಜ್ಞೆ ಕೊಡುತ್ತಾರೆ. ಬಂದರನ್ನೋ ಬೇರೆ ಹಡಗನ್ನೋ ಕರೆಯುವ ಸಾಮಾನ್ಯ ಮಾತಿಗೆ ಮಾತ್ರ ಈ ಮಡಿಯೆಲ್ಲ ಇಲ್ಲ: ವಿಎಚ್‌ಎಫ್ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ ಆಡಿದ್ದನ್ನು ಹತ್ತಿರದ ಮೀನುಗಾರಿಕಾ ದೋಣಿಯೂ ಕೇಳಿಸಿಕೊಳ್ಳಬಹುದು.