ಪುಕ್ಕಟೆ ಬ್ರೌಸರಿನಿಂದ ಯಾರಿಗೆ ಲಾಭ?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ತಿಪಟೂರಿನಲ್ಲಿ ನಮ್ಮದೊಂದು ಸೈಬರ್ ಸೆಂಟರ್ ಇದೆ. ಪಹಣಿ ತೆಗೆದುಕೊಡೋದು, ಸ್ಕಾಲರ್‌ಶಿಪ್ ಅರ್ಜಿ ತುಂಬೋದು, ಪ್ರಿಂಟು, ಜೆರಾಕ್ಸು. ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮನ ಮಗ ಕ್ರೋಮ್ ತೆಗೆದು ಲಿಬ್ರೆವುಲ್ಫ್ ಅನ್ನೋ ಬ್ರೌಸರ್ ಹಾಕಿ ಹೋದ. "ಅತ್ತೆ, ಇದು ಯಾರ ಮಾಹಿತೀನೂ ಕದಿಯಲ್ಲ" ಅಂದ. ಅವತ್ತಿನಿಂದ ಕೆಲವು ಸೈಟುಗಳಲ್ಲಿ ಟೈಮು ತಪ್ಪು ಬರುತ್ತೆ. ಬೆಳಿಗ್ಗೆ ನೋಡಿದರೆ ಎಲ್ಲ ಲಾಗಿನ್ ಹೋಗಿರುತ್ತೆ. ಮೊನ್ನೆ ಒಬ್ಬ ಹುಡುಗಿಯ ಫೋಟೊ ಅಪ್‌ಲೋಡ್ ಮಾಡಿದರೆ ಬರೀ ಬಣ್ಣದ ಗೆರೆ ಬಂತು. ಇದನ್ನು ಮಾಡುವವರು ಸಂಬಳ ತಗೊಳ್ಳಲ್ವಂತೆ, ದೇಣಿಗೇನೂ ಬೇಡವಂತೆ. ಹಾಗಾದರೆ ಯಾವ ಲಾಭಕ್ಕೆ ಮಾಡ್ತಾರೆ? ಇದನ್ನು ನಂಬಬಹುದಾ? ಕ್ರೋಮಿನ ಇನ್‌ಕಾಗ್ನಿಟೊ ಸಾಲದಾ?

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ಆ ಹುಡುಗಿಯ ಫೋಟೊದಿಂದಲೇ ಶುರು ಮಾಡುತ್ತೇನೆ.

ಫೋಟೊ ಹಾಳಾಗಿಲ್ಲ, ನಿಮ್ಮ ಕಂಪ್ಯೂಟರೂ ಕೆಟ್ಟಿಲ್ಲ. ಕೆಲವು ಸೈಟುಗಳು ಫೋಟೊವನ್ನು ಬ್ರೌಸರಿನಲ್ಲೇ ಕತ್ತರಿಸಿ, ಸೈಜು ಸಣ್ಣದು ಮಾಡಿ ಕಳಿಸುತ್ತವೆ. ಅದಕ್ಕೆ ಕ್ಯಾನ್ವಾಸ್ ಅನ್ನೋ ಸೌಲಭ್ಯ ಬೇಕು. ಅದೇ ಕ್ಯಾನ್ವಾಸನ್ನು ಜಾಹೀರಾತಿನವರು ಬೇರೆ ಕೆಲಸಕ್ಕೂ ಬಳಸುತ್ತಾರೆ. ನಿಮಗೆ ಕಾಣದ ಹಾಗೆ ನಾಲ್ಕು ಅಕ್ಷರ ಬರೆಸುತ್ತಾರೆ, ಬರೆದದ್ದನ್ನು ವಾಪಸ್ ಓದಿಕೊಳ್ಳುತ್ತಾರೆ. ಗ್ರಾಫಿಕ್ಸ್ ಕಾರ್ಡು, ಫಾಂಟು, ಡ್ರೈವರ್ ಬದಲಾದ ಹಾಗೆ ಆ ಬರಹದಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಆ ವ್ಯತ್ಯಾಸವೇ ನಿಮ್ಮ ಯಂತ್ರದ ಗುರುತು. ಕುಕೀ, ಅಂದರೆ ನಿಮ್ಮನ್ನು ನೆನಪಿಡಲು ಸೈಟುಗಳು ಬ್ರೌಸರಿನಲ್ಲಿ ಇಡುವ ಚೀಟಿ, ಅದನ್ನು ಅಳಿಸಿದರೂ ಈ ಗುರುತು ಅಳಿಯೋದಿಲ್ಲ. 2010ರಲ್ಲೇ ಅಮೆರಿಕದ ಇಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರುಗಳನ್ನು ನೋಡಿತ್ತು. ಫಾಂಟು, ಪ್ಲಗಿನ್ನು, ಪರದೆಯ ಅಳತೆ, ಟೈಮ್ ಝೋನ್, ಇಂಥವನ್ನು ಜೋಡಿಸಿದರೇ ಸಾಕು, ನೂರಕ್ಕೆ 83.6ರಷ್ಟು ಬ್ರೌಸರುಗಳು ಇನ್ನೊಂದರ ಹಾಗೆ ಇರಲಿಲ್ಲ.

ಲಿಬ್ರೆವುಲ್ಫ್ ಏನು ಮಾಡುತ್ತದೆ ಅಂದರೆ, ಸೈಟು ಕ್ಯಾನ್ವಾಸನ್ನು ವಾಪಸ್ ಓದಲು ಬಂದಾಗ ಸುಮ್ನೆ ಕಸ ಕೊಟ್ಟು ಕಳಿಸುತ್ತದೆ. ಕೇಳುತ್ತಿರುವುದು ಜಾಹೀರಾತಿನವರೋ ಸ್ಕಾಲರ್‌ಶಿಪ್ಪಿನ ಸೈಟೋ ಅದಕ್ಕೆ ಗೊತ್ತಾಗೋದಿಲ್ಲ. ನಿಮಗೆ ಕಂಡ ಬಣ್ಣದ ಗೆರೆ ಅದೇ ಕಸ. ವಿಳಾಸದ ಪಟ್ಟಿಯ ಎಡಗಡೆ ಸಣ್ಣದೊಂದು ಚಿತ್ರದ ಗುರುತು ಬಂದಿರುತ್ತದೆ. ಅದನ್ನು ಒತ್ತಿ ಆ ಸೈಟಿಗೆ ಮಾತ್ರ ಅನುಮತಿ ಕೊಡಿ, ಪುಟವನ್ನು ರಿಫ್ರೆಶ್ ಮಾಡಿ, ಫೋಟೊ ಮತ್ತೆ ಹಾಕಿ.

ಟೈಮಿನ ಕಥೆಯೂ ಇದೇ. ಟೈಮ್ ಝೋನಿನಿಂದ ಊರಿನ ಸುಳಿವು ಸಿಗುತ್ತದೆ ಅಂತ ಎಲ್ಲ ಸೈಟುಗಳಿಗೂ ಗ್ರೀನಿಚ್ ಲೆಕ್ಕದ ಸಮಯವನ್ನೇ ಹೇಳುತ್ತದೆ. ಅದಕ್ಕೇ ಐದೂವರೆ ಗಂಟೆ ಹಿಂದೆ. ಗಿರಾಕಿಗೆ ಯಾವುದಾದರೂ ಅಪಾಯಿಂಟ್‌ಮೆಂಟ್ ಹಿಡಿದುಕೊಡುವಾಗ ಇದೊಂದು ನೆನಪಿರಲಿ.

ಲಾಗಿನ್ ಹೋಗುತ್ತದೆ ಅಂದಿರಲ್ಲ, ಅದು ಮನೆಯಲ್ಲಿ ಕಿರಿಕಿರಿ, ನಿಮ್ಮ ಅಂಗಡಿಯಲ್ಲಿ ವರ. ಬ್ರೌಸರ್ ಮುಚ್ಚಿದ ಕೂಡಲೇ ಅದು ಕುಕೀಗಳನ್ನು ಅಳಿಸುತ್ತದೆ. ಅರ್ಜಿ ತುಂಬಲು ಬಂದವರು ಜಿಮೇಲು, ಡಿಜಿಲಾಕರು ತೆರೆದಿಟ್ಟು ಬಸ್ಸು ಬಂತು ಅಂತ ಓಡೋದು ನಿಮಗೆ ಹೊಸದೇನಲ್ಲ ಅಲ್ವಾ? ಆದರೆ ಎರಡು ಮಾತು. ಮುಚ್ಚಿದರೆ ಮಾತ್ರ ಅಳಿಯುತ್ತದೆ. ಬೆಳಿಗ್ಗೆ ತೆರೆದು ರಾತ್ರಿ ಮುಚ್ಚಿದರೆ ನಡುವೆ ಬಂದ ಅಷ್ಟೂ ಜನರ ಲಾಗಿನ್ ದಿನವಿಡೀ ಹಾಗೇ ಇರುತ್ತದೆ. ಒಬ್ಬರು ಎದ್ದ ಕೂಡಲೇ ಎಲ್ಲ ಕಿಟಕಿಯನ್ನೂ ಮುಚ್ಚಿ. ಇನ್ನೊಂದು, ಡೌನ್‌ಲೋಡ್ಸ್ ಫೋಲ್ಡರನ್ನು ಅದು ಮುಟ್ಟೋದಿಲ್ಲ. ಅಲ್ಲಿ ಊರವರ ಆಧಾರ್ ಪಿಡಿಎಫ್‌ಗಳು ರಾಶಿ ಬಿದ್ದಿದ್ದರೆ, ಯಾವ ಬ್ರೌಸರ್ ಹಾಕಿಯೂ ಉಪಯೋಗವಿಲ್ಲ. ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನು ಖಾಲಿ ಮಾಡಿ.

ಇನ್‌ಕಾಗ್ನಿಟೊ ಕೂಡ ಮುಚ್ಚಿದ ಮೇಲೆ ಕುಕೀ ಅಳಿಸುತ್ತದೆ, ಆ ಮಟ್ಟಿಗೆ ಸರಿ. ಆದರೆ ಅದು ಮರೆಮಾಡೋದು ಅದೇ ಕಂಪ್ಯೂಟರಿನಲ್ಲಿ ಮುಂದೆ ಕೂರುವವರಿಂದ, ಸೈಟುಗಳಿಂದ ಅಲ್ಲ. ಈ ವಿಷಯಕ್ಕೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರಲ್ಲಿ ರಾಜಿಯಾದಾಗ ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಗೂಗಲ್ ಒಪ್ಪಿಕೊಳ್ಳಬೇಕಾಯಿತು.

ಇನ್ನು ನಿಮ್ಮ ಅಸಲಿ ಪ್ರಶ್ನೆ, ಯಾವ ಲಾಭಕ್ಕೆ? ವ್ಯಾಪಾರ ಮಾಡುವವರು ಹೀಗೆ ಕೇಳೋದು ನ್ಯಾಯವೇ. ಉತ್ತರಕ್ಕೆ ಹಣದ ದಾರಿ ಹಿಡಿದು ಹೋಗಬೇಕು, ಅದು ಸ್ವಲ್ಪ ತಮಾಷೆಯಾಗಿದೆ.

2020ರಲ್ಲಿ ಶುರುವಾದ ಲಿಬ್ರೆವುಲ್ಫ್ ಸೊನ್ನೆಯಿಂದ ಕಟ್ಟಿದ ಬ್ರೌಸರ್ ಅಲ್ಲ. ಅಡುಗೆ ಪೂರ್ತಿ ಫೈರ್‌ಫಾಕ್ಸ್ ಅನ್ನೋ ಬ್ರೌಸರಿನದು, ಇವರು ಬೇಡದ್ದನ್ನು ಎತ್ತಿಟ್ಟು ಬಡಿಸುತ್ತಾರೆ. ಬಳಕೆಯ ಅಂಕಿಅಂಶ ಕಳಿಸುವ ಭಾಗ ತೆಗೆದಿದ್ದಾರೆ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದ್ದಾರೆ. ಹುಡುಕಾಟಕ್ಕೆ ಗೂಗಲ್ ಬದಲು ಡಕ್‌ಡಕ್‌ಗೋ ಇಟ್ಟಿದ್ದಾರೆ. ನಿಮಗೆ ತೊಂದರೆ ಕೊಟ್ಟ ಆ ಕಸ ಕೊಡುವ ವಿದ್ಯೆಯೂ ಇವರದಲ್ಲ. ಅದು ಬಳಸುವವರ ಗುರುತು ಮರೆಸಲೆಂದೇ ಇರುವ ಟಾರ್ ಬ್ರೌಸರಿನಿಂದ ಫೈರ್‌ಫಾಕ್ಸಿಗೆ ಬಂದದ್ದು. ಫೈರ್‌ಫಾಕ್ಸಿನಲ್ಲಿ ಆಫ್ ಇರುತ್ತದೆ, ಇವರು ಆನ್ ಮಾಡಿ ಕೊಡುತ್ತಾರೆ. ಇಷ್ಟೇ ಕೆಲಸವಾದ್ದರಿಂದಲೇ ಬಿಡುವಿನಲ್ಲಿ ದುಡಿಯುವ ಕೆಲವೇ ಜನರ ಕೈಯಲ್ಲಿ ಇದು ನಡೆಯುತ್ತಿದೆ. ಬ್ರೌಸರನ್ನು ಪೂರ್ತಿ ತಾವೇ ಬರೆಯಲು ಹೊರಟರೆ ನೂರಾರು ಸಂಬಳದ ಎಂಜಿನಿಯರುಗಳು ಬೇಕು. ಫೈರ್‌ಫಾಕ್ಸಿನ ಮೊಜಿಲ್ಲಾ ಆ ಸಂಬಳ ಕೊಡುತ್ತದೆ.

ಮೊಜಿಲ್ಲಾಗೆ ಎಲ್ಲಿಂದ ಬರುತ್ತದೆ? ಗೂಗಲ್‌ನಿಂದ! ಫೈರ್‌ಫಾಕ್ಸಿನಲ್ಲಿ ಹುಡುಕಾಟ ಮೊದಲು ತನ್ನ ಕಡೆಗೇ ಬರಲಿ ಅಂತ ಗೂಗಲ್ ದುಡ್ಡು ಕೊಡುತ್ತದೆ. 2025ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನ ಕೋರ್ಟಿನಲ್ಲಿ ಮೊಜಿಲ್ಲಾದ ಹಣಕಾಸು ಮುಖ್ಯಸ್ಥರೇ ಲೆಕ್ಕ ಬಿಚ್ಚಿಟ್ಟರು. ಸಂಸ್ಥೆಯ ಆದಾಯದಲ್ಲಿ ನೂರಕ್ಕೆ 90ರಷ್ಟು ಫೈರ್‌ಫಾಕ್ಸಿನಿಂದ, ಆ ಪಾಲಿನಲ್ಲಿ ನೂರಕ್ಕೆ ಸುಮಾರು 85ರಷ್ಟು ಗೂಗಲ್‌ನಿಂದ. ಅಂದರೆ ಗೂಗಲ್ ಕಣ್ಣು ತಪ್ಪಿಸಲು ನೀವು ಬಳಸುತ್ತಿರುವ ಬ್ರೌಸರು ಸುತ್ತಿ ಬಳಸಿ ಗೂಗಲ್ ದುಡ್ಡಿನ ಮೇಲೇ ನಿಂತಿದೆ. ಸ್ವಯಂಸೇವಕರು ದುಡ್ಡಿಲ್ಲದೆ ಮಾಡುತ್ತಾರೆ ಅನ್ನೋದು ನಿಜ, ಆದರೆ ದುಡ್ಡಿಲ್ಲದೆ ಬ್ರೌಸರ್ ಆಗುತ್ತದೆ ಅನ್ನೋದು ನಿಜವಲ್ಲ.

ಅದಕ್ಕೇ ನನ್ನ ಭಯ ಕಳ್ಳತನದ್ದಲ್ಲ. ಕೋಡ್ ಎಲ್ಲರಿಗೂ ಕಾಣುವ ಹಾಗೆ ಕೋಡ್‌ಬರ್ಗ್ ಅನ್ನೋ ಕೋಡ್ ಹಂಚುವ ಸೈಟಿನಲ್ಲಿದೆ. ನೀವೂ ನಾನೂ ಅದನ್ನು ಓದುವುದಿಲ್ಲ, ಬಿಡಿ. ಓದುವವರು ಇದ್ದಾರೆ, ಅವರು ಸುಮ್ಮನಿರುವ ಜನವಲ್ಲ. 2025ರ ಫೆಬ್ರವರಿಯಲ್ಲಿ ಮೊಜಿಲ್ಲಾ ಫೈರ್‌ಫಾಕ್ಸಿಗೆ ಹೊಸ ನಿಯಮ ತಂದಿತು. ನಿಮ್ಮ ಮಾಹಿತಿಯನ್ನು ಎಂದಿಗೂ ಮಾರುವುದಿಲ್ಲ ಎಂಬ ಹಳೆಯ ಮಾತನ್ನು ತೆಗೆದುಹಾಕಿತು. ಆ ಬದಲಾವಣೆಯನ್ನು ಜನ ಹುಡುಕಿ ಹಿಡಿದು ಎಷ್ಟು ಗಲಾಟೆ ಮಾಡಿದರೆಂದರೆ, ಒಂದೆರಡು ದಿನದಲ್ಲೇ ನಿಯಮದ ಮಾತುಗಳನ್ನು ತಿದ್ದಬೇಕಾಯಿತು.

ನನಗಿರುವ ಭಯ, ಮಾಡುವವರು ಸುಸ್ತಾಗುವುದರ ಬಗ್ಗೆ. ಆಂಡ್ರಾಯ್ಡಿನಲ್ಲಿ ಇದೇ ಥರದ ಮಲ್ ಅನ್ನೋ ಬ್ರೌಸರ್ ಇತ್ತು. 2024ರ ಡಿಸೆಂಬರಿನಲ್ಲಿ ನಿಂತೇ ಹೋಯಿತು. ವಾಟರ್‌ಫಾಕ್ಸ್ ಅನ್ನೋ ಬ್ರೌಸರಿನ ಕಥೆ ಇನ್ನೊಂದು ಥರ. 2011ರಲ್ಲಿ ಒಬ್ಬ ಹದಿಹರೆಯದ ಹುಡುಗ ಶುರು ಮಾಡಿದ್ದು. ಅದನ್ನು ಸಿಸ್ಟಂ1 ಎಂಬ ಜಾಹೀರಾತು ಕಂಪನಿ ಕೊಂಡುಕೊಂಡ ಸುದ್ದಿ 2020ರಲ್ಲಿ ಹೊರಬಂತು. 2023ರಲ್ಲಿ ಅದು ಮತ್ತೆ ಸ್ವತಂತ್ರವಾಯಿತು ಅನ್ನೋದನ್ನೂ ಹೇಳಬೇಕು. ಲಿಬ್ರೆವುಲ್ಫಿನವರು ದುಡ್ಡು ಮುಟ್ಟದಿರುವುದು ನಿಮಗೆ ಅನುಮಾನ ತಂದಿದೆ. ನನಗಂತೂ ಅದು ಮಾರಾಟವಾಗದಿರಲು ಹಾಕಿಕೊಂಡ ಬೇಲಿಯ ಹಾಗೆ ಕಾಣುತ್ತದೆ. ಆದರೆ ನಾಳೆ ಕೆಲಸ ಬಿಟ್ಟು ಎದ್ದು ಹೋದರೆ ಯಾರೂ ಕೇಳುವ ಹಾಗಿಲ್ಲ.

ಇದರಿಂದ ನಿಮಗೆ ತಟ್ಟುವುದು ಒಂದೇ ಕಡೆ, ಅಪ್‌ಡೇಟಿನಲ್ಲಿ. 2024ರ ಅಕ್ಟೋಬರಿನಲ್ಲಿ ಫೈರ್‌ಫಾಕ್ಸಿನಲ್ಲಿದ್ದ ಒಂದು ದೋಷವನ್ನು ಕಳ್ಳರು ಆಗಲೇ ಬಳಸುತ್ತಿದ್ದರು. ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವ ಇಸೆಟ್ ಸಂಸ್ಥೆ ತಿಳಿಸಿದ ಸುಮಾರು 25 ಗಂಟೆಯಲ್ಲಿ ಮೊಜಿಲ್ಲಾ ತೇಪೆ ಹಾಕಿತು. ಲಿಬ್ರೆವುಲ್ಫಿನವರು ಆ ತೇಪೆ ತಗೊಂಡು ತಮ್ಮದನ್ನು ಮತ್ತೆ ಕಟ್ಟಬೇಕು. ಸಾಮಾನ್ಯವಾಗಿ ಮೂರು ದಿನದೊಳಗೆ ಕೊಡುತ್ತಾರೆ. ಆದರೆ ವಿಂಡೋಸಿನಲ್ಲಿ ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ವಿನ್‌ಅಪ್‌ಡೇಟರ್ ಅನ್ನೋ ಸಣ್ಣ ಪ್ರೋಗ್ರಾಂ ಬೇರೆ ಇದೆ. ನಿಮ್ಮ ಹುಡುಗ ಅದನ್ನು ಹಾಕಿದ್ದಾನಾ ಅಂತ ಇವತ್ತೇ ಫೋನ್ ಮಾಡಿ ಕೇಳಿ. ಹಾಕಿಲ್ಲದಿದ್ದರೆ, ಆರು ತಿಂಗಳ ಹಳೆಯ ಲಿಬ್ರೆವುಲ್ಫಿಗಿಂತ ಇವತ್ತಿನ ಫೈರ್‌ಫಾಕ್ಸೇ ವಾಸಿ. ಸಂಕೋಚವಿಲ್ಲದೆ ಬದಲಾಯಿಸಿ.

ನನ್ನ ಸಲಹೆ ಕೇಳಿದರೆ ಎರಡೂ ಇಟ್ಟುಕೊಳ್ಳಿ. ಗಿರಾಕಿಗಳು ತಾವೇ ಕೂತು ನೋಡುವ ಕಂಪ್ಯೂಟರಿಗೆ ಲಿಬ್ರೆವುಲ್ಫ್. ನೀವು ಅರ್ಜಿ ತುಂಬುವ ಕಂಪ್ಯೂಟರಿಗೆ ಫೈರ್‌ಫಾಕ್ಸ್, ಅದಕ್ಕೆ ಯುಬ್ಲಾಕ್ ಒರಿಜಿನ್ ಸೇರಿಸಿ, ಮುಚ್ಚಿದಾಗ ಕುಕೀ ಅಳಿಸು ಅನ್ನೋದನ್ನು ಸೆಟ್ಟಿಂಗಿನಲ್ಲಿ ಆನ್ ಮಾಡಿ. ಅರ್ಜಿಯ ಕೊನೆ ದಿನ ಸಾಲಿನಲ್ಲಿ ಜನ ನಿಂತಿರುವಾಗ ಕ್ಯಾನ್ವಾಸ್ ಅನುಮತಿ ಹುಡುಕುತ್ತಾ ಕೂರೋಕಾಗಲ್ಲ. ಫೈರ್‌ಫಾಕ್ಸನ್ನು ಕನ್ನಡದಲ್ಲೂ ಇಟ್ಟುಕೊಳ್ಳಬಹುದು. ಆ ಅನುವಾದ ಮಾಡಿದವರೂ ಸ್ವಯಂಸೇವಕರೇ.

ದುಡ್ಡು ಬೇಡ ಅನ್ನುವವರಿಗೆ ನೀವು ಏನಾದರೂ ಕೊಡಬೇಕೆಂದರೆ, ಆ ಫೋಟೊ ಕೆಟ್ಟ ಸೈಟಿನ ವಿಳಾಸ, ಬ್ರೌಸರಿನ ಆವೃತ್ತಿ, ಯಾವ ಬಟನ್ ಒತ್ತಿದಾಗ ಗೆರೆ ಬಂತು ಅನ್ನೋದನ್ನು ಕೋಡ್‌ಬರ್ಗ್‌ನಲ್ಲಿ ಅವರಿಗೆ ಬರೆಯಿರಿ. ಮುರುಕು ಇಂಗ್ಲಿಷ್ ಆದರೂ ನಡೆಯುತ್ತದೆ. ಪರದೆಯ ಚಿತ್ರ ಹಾಕುವ ಮುಂಚೆ ಹುಡುಗಿಯ ಹೆಸರು, ಅರ್ಜಿ ನಂಬರು ಕಾಣದ ಹಾಗೆ ಮುಚ್ಚಿ.